ಬಿದ್ದ ನಾಣ್ಯದ ಲೆಕ್ಕ ಯಾರ ಬಳಿ? ಆಟದ ಯಂತ್ರಗಳ ಗಲ್ಲಾಪೆಟ್ಟಿಗೆಯ ಕಥೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ, ಊರು ಯಾವುದೇ ಇರಲಿ. ದೊಡ್ಡ ಮಾಲ್‌ನ ಮೇಲಿನ ಮಹಡಿಯಲ್ಲಿ, ಸಿನಿಮಾ ಪರದೆಗಳ ಪಕ್ಕದಲ್ಲೋ ಫುಡ್ ಕೋರ್ಟ್‌ನ ಆಚೆಗೋ ಆಟದ ಯಂತ್ರಗಳ ಒಂದು ಹಜಾರ ಇರುತ್ತದೆ. ಬಾಗಿಲ ಬಳಿಯ ಕಿಯಾಸ್ಕ್‌ನಲ್ಲಿ ಅಪ್ಪ ಫೋನ್ ಹಿಡಿದು ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. ಒಂದು ಪ್ಲಾಸ್ಟಿಕ್ ಕಾರ್ಡ್ ಹೊರಗೆ ಬರುತ್ತದೆ. ಮಗಳು ಅದನ್ನು ಕಸಿದುಕೊಂಡು ಓಡುತ್ತಾಳೆ. ಯಂತ್ರದ ಮುಂದೆ ಕಾರ್ಡ್ ತೋರಿಸಿದರೆ ದೀಪ ಹತ್ತುತ್ತದೆ, ಆಟ ಶುರುವಾಗುತ್ತದೆ.

ಆ ದೀಪ ಹತ್ತುವ ಅರೆಕ್ಷಣದಲ್ಲಿ ಒಳಗೆ ನಡೆಯುವುದನ್ನು ತಿಳಿದರೆ ಸ್ವಲ್ಪ ನಗು ಬರುತ್ತದೆ. ಕಾರ್ಡ್ ಓದುವ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಜೋಡಿಸುವುದು ಹಿಂದೆ ನಾಣ್ಯದ ಕಿಂಡಿಯಿಂದ ಬರುತ್ತಿದ್ದ ತಂತಿಗೇ. ಅದು ಎಲ್ಲೋ ಇರುವ ಸರ್ವರ್ ಜೊತೆ ಮಾತಾಡಿ, ಖಾತೆಯಲ್ಲಿ ಹಣ ಇದೆಯೇ ನೋಡಿ, ಕಳೆದು, ಆಮೇಲೆ ಆ ತಂತಿಯಲ್ಲಿ ವಿದ್ಯುತ್ತಿನ ಒಂದು ಸಣ್ಣ ಮಿಡಿತ ಕಳಿಸುತ್ತದೆ. ಯಂತ್ರ ಅದನ್ನು ನಾಣ್ಯ ಬಿತ್ತು ಎಂದೇ ತಿಳಿಯುತ್ತದೆ. ಎಷ್ಟೋ ಆಟದ ಯಂತ್ರಗಳಿಗೆ ನಗದು ಹೋಗಿ ಕಾರ್ಡ್ ಬಂದದ್ದು ಇನ್ನೂ ಗೊತ್ತಿಲ್ಲ. ಅವುಗಳ ಪಾಲಿಗೆ ಜಗತ್ತು ಇಂದಿಗೂ ಚಿಲ್ಲರೆಯ ಮೇಲೆಯೇ ನಡೆಯುತ್ತಿದೆ.

ನಗದಿನಿಂದ ಕಾರ್ಡಿಗೆ ಆದ ಈ ಬದಲಾವಣೆಯನ್ನು ಸಾಮಾನ್ಯವಾಗಿ ಅನುಕೂಲದ ಕಥೆಯಾಗಿ ಹೇಳುತ್ತಾರೆ. ಚಿಲ್ಲರೆ ಹುಡುಕಬೇಕಿಲ್ಲ, ಸಾಲಿನಲ್ಲಿ ನಿಲ್ಲಬೇಕಿಲ್ಲ. ಅದು ನಿಜವೇ. ಆದರೆ ಆಟದ ಯಂತ್ರಗಳ ನೂರಮೂವತ್ತು ವರ್ಷಗಳ ಇತಿಹಾಸವನ್ನು ಗಲ್ಲಾಪೆಟ್ಟಿಗೆಯ ಕಡೆಯಿಂದ ನೋಡಿದರೆ ಬೇರೆಯದೇ ಒಂದು ಎಳೆ ಕಾಣುತ್ತದೆ: ಎಷ್ಟು ಹಣ ಬಿತ್ತು, ಎಷ್ಟು ಉಳಿಯಿತು ಎಂಬ ಲೆಕ್ಕ ಯಾರ ಕೈಯಲ್ಲಿದೆ? ಈ ವ್ಯಾಪಾರದ ಪ್ರತಿ ತಿರುವಿನಲ್ಲೂ ಜಗಳ ಇದ್ದದ್ದು ಆ ಲೆಕ್ಕದ ಮೇಲೆ.

ತೀರ್ಥ ಕೊಡುವ ಯಂತ್ರ

ನಾಣ್ಯ ಹಾಕಿದರೆ ಕೆಲಸ ಮಾಡುವ ಯಂತ್ರದ ಹಳೆಯ ವಿವರಣೆ ಸಿಗುವುದು ಕ್ರಿಸ್ತಶಕ ಒಂದನೆಯ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ. ಹೀರೋ ಎಂಬ ಯಂತ್ರಶಾಸ್ತ್ರಜ್ಞ ದೇವಾಲಯದ ಬಾಗಿಲಲ್ಲಿ ಇಡುವ ಒಂದು ಪಾತ್ರೆಯ ಬಗ್ಗೆ ಬರೆದಿದ್ದಾನೆ. ಭಕ್ತರು ಮೇಲಿನ ಕಿಂಡಿಯಲ್ಲಿ ಐದು ದ್ರಾಖ್ಮಾ ನಾಣ್ಯ ಹಾಕಬೇಕು. ನಾಣ್ಯ ಒಳಗಿನ ಸಣ್ಣ ತಟ್ಟೆಯ ಮೇಲೆ ಬಿದ್ದು, ಅದರ ಭಾರಕ್ಕೆ ಸನ್ನೆಕೋಲು ಒಂದು ಬದಿಗೆ ವಾಲಿ, ಇನ್ನೊಂದು ಬದಿಯ ಮುಚ್ಚಳ ಎದ್ದು, ಪವಿತ್ರ ಜಲ ಸುರಿಯುತ್ತದೆ. ತಟ್ಟೆ ಪೂರ್ತಿ ವಾಲಿದಾಗ ನಾಣ್ಯ ಜಾರಿ ಕೆಳಗೆ ಬೀಳುತ್ತದೆ, ಮುಚ್ಚಳ ಕೂರುತ್ತದೆ, ನೀರು ನಿಲ್ಲುತ್ತದೆ.

ಉದ್ಧರಣೆಯಿಂದ ತೀರ್ಥ ಪಡೆದು ಬೆಳೆದವರಿಗೆ ಈ ಏರ್ಪಾಡು ವಿಚಿತ್ರ ಅನಿಸಬಹುದು. ಕೊಡುವ ಅರ್ಚಕರ ಕೈಯೇ ಇಲ್ಲಿಲ್ಲ. ಮುಂದೆ ಬಂದ ಎಲ್ಲ ಯಂತ್ರಗಳ ಗುಣವೂ ಇದರಲ್ಲಿದೆ. ಬೆಲೆಯನ್ನು ನಿರ್ಧರಿಸುವುದು ಮಾತಲ್ಲ, ಲೋಹದ ಭಾರ. ಚೌಕಾಸಿ ಇಲ್ಲ, ಉದ್ದರಿ ಇಲ್ಲ. ಹಾಕಿದವನಿಗೆ ತಾನು ಹಾಕಿದ್ದು ಎಷ್ಟು ಎಂದು ಗೊತ್ತು, ಪೆಟ್ಟಿಗೆಯಲ್ಲಿ ಒಟ್ಟು ಎಷ್ಟಿದೆ ಎಂಬುದು ಮಾತ್ರ ಬೀಗದ ಕೈ ಇರುವವನಿಗೆ ಗೊತ್ತು.

ಇದು ವ್ಯಾಪಾರವಾಗಲು ಹದಿನೆಂಟು ಶತಮಾನ ಬೇಕಾಯಿತು. ಎಲ್ಲ ನಾಣ್ಯಗಳೂ ಒಂದೇ ಅಳತೆ, ಒಂದೇ ತೂಕದಲ್ಲಿ ಯಂತ್ರದಿಂದ ಅಚ್ಚಾಗಿ ಬರುವ ತನಕ ಇಂಥ ಪೆಟ್ಟಿಗೆಗಳನ್ನು ಎಲ್ಲೆಡೆ ಇಡುವುದು ಸಾಧ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದು ಕೈಗೂಡಿತು. 1880ರ ದಶಕದಲ್ಲಿ ಲಂಡನ್‌ನಲ್ಲಿ ಪೋಸ್ಟ್‌ಕಾರ್ಡ್ ಮಾರುವ ಯಂತ್ರಗಳು ಬಂದವು, ತೂಕದ ಯಂತ್ರಗಳು ಬಂದವು. 1889ರ ನವೆಂಬರ್ 23ರಂದು ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೆ ರಾಯಲ್ ಎಂಬ ಮದ್ಯದಂಗಡಿಯಲ್ಲಿ ಲೂಯಿ ಗ್ಲಾಸ್ ಎಂಬಾತ ಎಡಿಸನ್‌ನ ಫೋನೋಗ್ರಾಫ್‌ಗೆ ನಾಣ್ಯದ ಕಿಂಡಿ ಜೋಡಿಸಿ ಇಟ್ಟ. ಕಿವಿಗೆ ಹಚ್ಚಿಕೊಳ್ಳುವ ಕೊಳವೆಗಳು ನಾಲ್ಕು, ಪ್ರತಿ ಕೊಳವೆಗೂ ಬೇರೆ ಬೇರೆ ಐದು ಸೆಂಟ್. ಒಂದೇ ಹಾಡು, ನಾಲ್ಕು ಗಿರಾಕಿ. ಕೆಲವೇ ತಿಂಗಳಲ್ಲಿ ಅದು ಸಾವಿರ ಡಾಲರಿಗೂ ಹೆಚ್ಚು ದುಡಿಯಿತು. ಫೋನೋಗ್ರಾಫ್ ಕಚೇರಿಯ ಉಕ್ತಲೇಖನಕ್ಕೆ ಎಂದುಕೊಂಡಿದ್ದ ಎಡಿಸನ್‌ಗೆ ತನ್ನ ಯಂತ್ರ ಆಟಿಕೆಯಾಗುವುದು ಆಗ ಅಷ್ಟು ಇಷ್ಟವಿರಲಿಲ್ಲ.

ಐದು ವರ್ಷದ ನಂತರ, 1894ರ ಏಪ್ರಿಲ್ 14ರಂದು, ನ್ಯೂಯಾರ್ಕಿನ 1155 ಬ್ರಾಡ್‌ವೇಯಲ್ಲಿ ಎಡಿಸನ್‌ನ ಕೈನೆಟೋಸ್ಕೋಪ್‌ಗಳ ಮೊದಲ ಅಂಗಡಿ ತೆರೆಯಿತು. ಬಾಗಿ ಕಿಂಡಿಯಲ್ಲಿ ಇಣುಕಿದರೆ ಚಲಿಸುವ ಚಿತ್ರ ಕಾಣುವ ಹತ್ತು ಪೆಟ್ಟಿಗೆಗಳು. ಒಂದು ಸಾಲಿನ ಐದು ಪೆಟ್ಟಿಗೆಗೆ 25 ಸೆಂಟ್. ಕುತೂಹಲದ ಸಂಗತಿ ಎಂದರೆ ಮೊದಲು ಇಲ್ಲಿ ನಾಣ್ಯದ ಕಿಂಡಿ ಇರಲಿಲ್ಲ. ಬಾಗಿಲಲ್ಲಿ ಹಣ ಕೊಟ್ಟರೆ ಒಬ್ಬ ನೌಕರ ಒಂದೊಂದಾಗಿ ಯಂತ್ರ ಚಾಲೂ ಮಾಡುತ್ತಿದ್ದ. ಆ ನೌಕರನ ಜಾಗಕ್ಕೆ ಆಮೇಲೆ ಕಿಂಡಿ ಬಂತು. ಒಂದು ಪೆನ್ನಿ ಹಾಕಿ ಚಿತ್ರ ನೋಡುವ, ಹಾಡು ಕೇಳುವ, ಬಲ ಪರೀಕ್ಷಿಸುವ, ಭವಿಷ್ಯ ತಿಳಿಯುವ ಯಂತ್ರಗಳು ಒಂದೇ ಸೂರಿನಡಿ ಸೇರಿ ‘ಪೆನ್ನಿ ಆರ್ಕೇಡ್’ ಆದವು. ಮುಂದೆ ಹಾಲಿವುಡ್ ಕಟ್ಟಿದ ಅಡಾಲ್ಫ್ ಜುಕರ್, ಮಾರ್ಕಸ್ ಲೋ ಮೊದಲು ಕೈಹಾಕಿದ್ದು ಈ ಪೆನ್ನಿಗಳ ವ್ಯಾಪಾರಕ್ಕೆ.

ಆರ್ಕೇಡ್ ಎಂದರೆ ಮೂಲದಲ್ಲಿ ಕಮಾನುಗಳ ಸಾಲು, ಅದರಡಿಯ ಅಂಗಡಿಬೀದಿ. ಲ್ಯಾಟಿನ್‌ನ ಆರ್ಕುಸ್ ಎಂದರೆ ಬಿಲ್ಲು. ನಮ್ಮ ‘ಕಮಾನು’ ಬಂದದ್ದು ಪಾರಸಿಯಿಂದ, ಅಲ್ಲಿಯೂ ಅದರ ಅರ್ಥ ಬಿಲ್ಲು. ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ಒಂದೇ ಆಕಾರಕ್ಕೆ ಬಂದಿವೆ. ಅಮೆರಿಕದಲ್ಲಿ ಮಾತ್ರ ಕಮಾನು ಮರೆತು, ಆ ಪದಕ್ಕೆ ನಾಣ್ಯ ಹಾಕುವ ಯಂತ್ರಗಳ ಕೋಣೆ ಎಂಬ ಅರ್ಥ ಅಂಟಿಕೊಂಡಿತು.

ಮೇಜಿನ ಮೇಲೆ ಸುರಿದ ಚಿಲ್ಲರೆ

1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಬಂದ ಮೇಲೆ ಆಟದ ಯಂತ್ರಗಳು ಆರ್ಕೇಡ್ ದಾಟಿ ಹೊರಬಂದವು. ಆರ್ಥಿಕ ಕುಸಿತದ ಕಾಲ, ಒಂದು ಪೆನ್ನಿಗೆ ಕೆಲವು ಗೋಲಿಗಳ ಆಟ. ಕ್ಷೌರದಂಗಡಿ, ಮಿಠಾಯಿ ಅಂಗಡಿ, ಮದ್ಯದಂಗಡಿ, ಎಲ್ಲೆಂದರಲ್ಲಿ ಪಿನ್‌ಬಾಲ್ ಕೂತಿತು. ಅಂಗಡಿಯವನು ಯಂತ್ರ ಕೊಳ್ಳುತ್ತಿರಲಿಲ್ಲ. ಯಂತ್ರದ ಮಾಲೀಕ ತಂದು ಇಡುತ್ತಿದ್ದ, ಕೆಟ್ಟರೆ ರಿಪೇರಿ ಮಾಡುತ್ತಿದ್ದ, ವಾರಕ್ಕೊಮ್ಮೆ ಬಂದು ಪೆಟ್ಟಿಗೆ ತೆರೆಯುತ್ತಿದ್ದ. ನಾಣ್ಯಗಳನ್ನು ಮೇಜಿನ ಮೇಲೆ ಸುರಿದು, ಇಬ್ಬರೂ ಎದುರುಬದುರು ಕೂತು ಎಣಿಸಿ, ಸಾಮಾನ್ಯವಾಗಿ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು.

ಈ ವ್ಯಾಪಾರದ ನಂಬಿಕೆ, ಅಪನಂಬಿಕೆ ಎರಡೂ ಆ ಮೇಜಿನ ಮೇಲಿದ್ದವು. ಬೀಗದ ಕೈ ಒಬ್ಬನದು, ಜಾಗ ಇನ್ನೊಬ್ಬನದು, ಹಣ ನೂರಾರು ಅಪರಿಚಿತರದು, ರಸೀದಿ ಯಾರಿಗೂ ಇಲ್ಲ. ಎಣಿಸುವ ಮೊದಲೇ ಒಂದು ಹಿಡಿ ಜೇಬಿಗೆ ಇಳಿದರೆ ಅಂಗಡಿಯವನಿಗೂ ತಿಳಿಯದು, ತೆರಿಗೆಯವನಿಗೂ ತಿಳಿಯದು. ಅದಕ್ಕೆಂದೇ ಯಂತ್ರದ ಬಾಗಿಲ ಹಿಂದೆ ಪುಟ್ಟ ಮೀಟರ್ ಬಂತು. ಪ್ರತಿ ನಾಣ್ಯಕ್ಕೂ ಒಂದು ಅಂಕಿ ಮುಂದೆ ಹೋಗುವ, ಹಿಂದೆ ಬಾರದ ಮೀಟರ್. ಆಟದ ವ್ಯಾಪಾರದಲ್ಲಿ ಮೊದಲ ‘ಡೇಟಾ’ ಅದೇ.

ಗಿರಾಕಿಗಳೂ ಸಾಧುಗಳಾಗಿರಲಿಲ್ಲ. ನಾಣ್ಯದ ಗಾತ್ರಕ್ಕೆ ಕತ್ತರಿಸಿದ ತಗಡಿನ ಬಿಲ್ಲೆ ಹಾಕುತ್ತಿದ್ದರು. ಅದಕ್ಕೆ ಎದುರಾಗಿ ನಾಣ್ಯದ ಕಿಂಡಿಯೇ ಒಂದು ಸಣ್ಣ ಚಿನಿವಾರನಂತೆ ಬೆಳೆಯಿತು. ಗಾತ್ರ ಸರಿಯಿಲ್ಲದ್ದು ಮೊದಲೇ ಜಾರಿಹೋಗುತ್ತದೆ. ಹಗುರವಾದದ್ದು ತಕ್ಕಡಿ ತಿರುಗಿಸಲಾರದೆ ನಿಲ್ಲುತ್ತದೆ. ಕಬ್ಬಿಣವನ್ನು ಅಯಸ್ಕಾಂತ ಹಿಡಿಯುತ್ತದೆ. ಉಳಿದದ್ದು ಒಂದು ಗಟ್ಟಿ ಲೋಹದ ಮೇಲೆ ಬಿದ್ದು ಪುಟಿಯಬೇಕು. ಅಸಲಿ ನಾಣ್ಯ ಸರಿಯಾದ ದೂರಕ್ಕೆ ಪುಟಿದು ಒಳಗೆ ಹೋಗುತ್ತದೆ, ನಕಲಿ ಹೊರಗೆ ಬೀಳುತ್ತದೆ.

ಈ ಚಿಲ್ಲರೆಯ ಮೇಲೆ ಸರ್ಕಾರದ ಕಣ್ಣೂ ಬಿತ್ತು. ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ 1942ರ ಜನವರಿಯಲ್ಲಿ ಪಿನ್‌ಬಾಲ್ ನಿಷೇಧಿಸಿದ. ಪೊಲೀಸರು ಯಂತ್ರಗಳನ್ನು ಎತ್ತಿ ತಂದರು, ಸುತ್ತಿಗೆಯಿಂದ ಒಡೆಯುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಶಾಲೆಯ ಮಕ್ಕಳ ಮಧ್ಯಾಹ್ನದ ಊಟದ ದುಡ್ಡು ಈ ಪೆಟ್ಟಿಗೆಗಳ ಮೂಲಕ ಪುಂಡರ ಕೈಸೇರುತ್ತಿದೆ ಎಂಬುದು ಅವನ ಆರೋಪ. ಎಷ್ಟು ಸೇರುತ್ತಿದೆ ಎಂದು ತೋರಿಸುವ ಪುಸ್ತಕ ಯಾರಲ್ಲೂ ಇಲ್ಲದಿದ್ದುದರಿಂದ ಅನುಮಾನಕ್ಕೆ ಮಿತಿಯೂ ಇರಲಿಲ್ಲ. ನಿಷೇಧ ಮೂವತ್ತನಾಲ್ಕು ವರ್ಷ ಉಳಿಯಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯವರ ಮುಂದೆ ಚೆಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಿ ಹೊಡೆದು, ಇದು ಜೂಜಲ್ಲ, ಕೈಚಳಕ ಎಂದು ತೋರಿಸಿದ ಮೇಲೆ ಅದು ತೆರವಾಯಿತು.

ಗಾಜಿನ ಮೇಲಿಟ್ಟ ನಾಣ್ಯ

ಆ ಹೊತ್ತಿಗೆ ವಿಡಿಯೊ ಗೇಮ್ ಬಂದಾಗಿತ್ತು. 1972ರಲ್ಲಿ ಅಟಾರಿ ಕಂಪನಿಯ ಅಲ್ ಆಲ್ಕಾರ್ನ್ ತಾನು ಕಟ್ಟಿದ ‘ಪಾಂಗ್’ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್‌ನ ಆ್ಯಂಡಿ ಕ್ಯಾಪ್ಸ್ ಎಂಬ ಮದ್ಯದಂಗಡಿಯಲ್ಲಿ ಪರೀಕ್ಷೆಗೆ ಇಟ್ಟ. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಹೋಗಿ ತೆರೆದರೆ ಕೆಟ್ಟಿರಲಿಲ್ಲ. ನಾಣ್ಯ ಹಿಡಿಯಲು ಇಟ್ಟಿದ್ದ ಹಾಲಿನ ಡಬ್ಬ ತುಂಬಿ ಹೊರಗೆ ಚೆಲ್ಲಿತ್ತು. ಆಲ್ಕಾರ್ನ್ ಸ್ವತಃ ಹಲವು ಸಲ ಹೇಳಿರುವ ಕಥೆ ಇದು. ವಿಡಿಯೊ ಗೇಮ್ ಉದ್ಯಮವಾಗುತ್ತದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಪರದೆಯಲ್ಲಿ ಅಲ್ಲ, ಹಾಲಿನ ಡಬ್ಬದಲ್ಲಿ.

ಹತ್ತು ವರ್ಷದಲ್ಲಿ ಆ ಚಿಲ್ಲರೆ ಹೊಳೆಯಾಯಿತು. 1981ರಲ್ಲಿ ಅಮೆರಿಕನ್ನರು ವಿಡಿಯೊ ಗೇಮ್‌ಗಳಿಗೆ 25 ಸೆಂಟಿನ 2,000 ಕೋಟಿ ನಾಣ್ಯ, ಅಂದರೆ 500 ಕೋಟಿ ಡಾಲರ್ ಹಾಕಿದರು ಎಂದು 1982ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ಅಂದಾಜು ಮಾಡಿತು. ಕೋಟಿಗಟ್ಟಲೆ ಚಿಲ್ಲರೆಯನ್ನು ಹೊತ್ತು, ತೂಗಿ, ಬ್ಯಾಂಕಿಗೆ ಒಯ್ದು, ಮತ್ತೆ ಚಿಲ್ಲರೆಯಾಗಿ ತಂದು ಗಿರಾಕಿಗೆ ಕೊಡುವುದೇ ಒಂದು ಉದ್ಯೋಗವಾಗಿತ್ತು. ಗಾಜಿನ ಗೂಡಿನಲ್ಲಿ ಕೂತು ನೋಟಿಗೆ ನಾಣ್ಯ ಕೊಡುವವರು ಆ ಕಾಲದ ಆರ್ಕೇಡಿನ ಪರಿಚಿತ ಮುಖ. ನೋಟು ನುಂಗಿ ಚಿಲ್ಲರೆ ಉಗುಳುವ ಯಂತ್ರ ಬಂದು ಮೊದಲು ಕಸಿದದ್ದು ಅವರ ಕೆಲಸವನ್ನು. ‘ಸ್ವಯಂಸೇವೆ’ ಎಂಬ ಪದ ಇಂದಿನ ಕಿಯಾಸ್ಕ್‌ನಿಂದ ಹುಟ್ಟಿದ್ದಲ್ಲ.

ನಾಣ್ಯ ಆಗ ಬರೀ ಹಣವಾಗಿರಲಿಲ್ಲ. ಒಬ್ಬ ಆಡುತ್ತಿರುವಾಗ ಮುಂದಿನ ಸರದಿ ತನ್ನದು ಎಂದು ಹೇಳಲು ಹುಡುಗರು ಪರದೆಯ ಅಂಚಿನ ಗಾಜಿನ ಮೇಲೆ ಒಂದು ನಾಣ್ಯ ಇಡುತ್ತಿದ್ದರು. ಮೂರು ನಾಣ್ಯ ಸಾಲಾಗಿ ಇದ್ದರೆ ಮೂವರು ಕಾಯುತ್ತಿದ್ದಾರೆ ಎಂದರ್ಥ. ಯಾರೂ ಬರೆದಿಡದ ಕಾನೂನು ಅದು, ಆದರೂ ನಡೆಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನೊಂದು ಸಂಗತಿ ಇನ್ನೂ ಮುಖ್ಯ. ಜೇಬಿಗೆ ಕೈ ಹಾಕಿದರೆ ಹುಡುಗನಿಗೆ ಉಳಿದದ್ದು ಎಷ್ಟು ಎಂದು ಬೆರಳಿಗೇ ತಿಳಿಯುತ್ತಿತ್ತು. ಕೊನೆಯ ನಾಣ್ಯವನ್ನು ಯಾವ ಯಂತ್ರಕ್ಕೆ ಹಾಕುವುದು ಎಂದು ಸುತ್ತು ಹಾಕಿ ಯೋಚಿಸುತ್ತಿದ್ದ. ಮಾಲೀಕನ ಲೆಕ್ಕ ಬೀಗದೊಳಗೆ, ಆಟಗಾರನ ಲೆಕ್ಕ ಜೇಬಿನೊಳಗೆ ಇತ್ತು. ಇಬ್ಬರೂ ತಮ್ಮ ತಮ್ಮ ಲೆಕ್ಕಕ್ಕೆ ತಾವೇ ಒಡೆಯರು.

ನೂರು ಯೆನ್‌ನ ಗಂಟು

ನಾಣ್ಯ ಬೆಲೆಯನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ತಿಳಿಯಲು ಜಪಾನಿನಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. 1978ರಲ್ಲಿ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ರೂಪಿಸಿದ. ಒಂದು ಆಟಕ್ಕೆ 100 ಯೆನ್. ಆಟ ಎಷ್ಟು ಹುಚ್ಚು ಹಿಡಿಸಿತೆಂದರೆ ದೇಶದಲ್ಲಿ 100 ಯೆನ್ ನಾಣ್ಯದ ಬರ ಬಂದು ಸರ್ಕಾರ ಹೆಚ್ಚು ನಾಣ್ಯ ಅಚ್ಚು ಹಾಕಬೇಕಾಯಿತು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಟಂಕಸಾಲೆಯ ಅಂಕಿಗಳು ಅದಕ್ಕೆ ಒಪ್ಪುವುದಿಲ್ಲ. 1978 ಮತ್ತು 1979ರಲ್ಲಿ ಅಚ್ಚಾದ 100 ಯೆನ್ ನಾಣ್ಯಗಳು 1977ಕ್ಕಿಂತ ಕಡಿಮೆ. ಸುಮ್ಮನೆ ಯೋಚಿಸಿದರೂ ಸಾಕು: ಯಂತ್ರಕ್ಕೆ ಬಿದ್ದ ನಾಣ್ಯ ಅಲ್ಲೇ ಹೂತುಹೋಗುವುದಿಲ್ಲ, ಕೆಲವು ದಿನದಲ್ಲಿ ಬ್ಯಾಂಕಿಗೆ ಮರಳುತ್ತದೆ.

ನಿಜವಾದ ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. 1989ರ ಏಪ್ರಿಲ್‌ನಲ್ಲಿ ಜಪಾನ್ ಶೇಕಡ 3ರ ಬಳಕೆ ತೆರಿಗೆ ಹಾಕಿತು. ಅಂಗಡಿಗಳಲ್ಲಿ 100 ಯೆನ್‌ನ ವಸ್ತುವಿಗೆ 103 ಯೆನ್ ಆಯಿತು. ಆದರೆ ಆಟದ ಯಂತ್ರದ ಕಿಂಡಿ 103 ಯೆನ್ ತೆಗೆದುಕೊಳ್ಳಲಾರದು. ಇನ್ನೊಂದು ನಾಣ್ಯ ಕೇಳಿದರೆ ಬೆಲೆ ಒಮ್ಮೆಗೇ 200 ಆಗುತ್ತದೆ. ಹಾಗಾಗಿ ಮಾಲೀಕರು ತೆರಿಗೆಯನ್ನು ತಾವೇ ನುಂಗಿಕೊಂಡರು. ತೆರಿಗೆ 1997ರಲ್ಲಿ ಶೇಕಡ 5, 2014ರಲ್ಲಿ 8, 2019ರ ಅಕ್ಟೋಬರ್‌ನಲ್ಲಿ 10 ಆಯಿತು. ಆಟ 100 ಯೆನ್‌ನಲ್ಲೇ ನಿಂತಿತು. ತೆರಿಗೆ ಕಟ್ಟುವ ಮಾಲೀಕನ ಕೈಗೆ ಉಳಿಯುವುದು ಸುಮಾರು 91 ಯೆನ್. ಬಾಡಿಗೆ, ವಿದ್ಯುತ್ತು, ಯಂತ್ರದ ಬೆಲೆ ಏರುತ್ತಿದ್ದವು. ಜಾಲಕ್ಕೆ ಸೇರಿದ ಹೊಸ ಆಟಗಳಲ್ಲಿ ಪ್ರತಿ ಆಟದ ಹಣದಲ್ಲೂ ತಯಾರಕರಿಗೆ ಪಾಲು ಸಲ್ಲಬೇಕಿತ್ತು.

ನಾಣ್ಯ ಬದಲಾದರೂ ಖರ್ಚು. ದಕ್ಷಿಣ ಕೊರಿಯಾದ 500 ವಾನ್ ನಾಣ್ಯಕ್ಕೆ ತೂತು ಕೊರೆದು ತೂಕ ಇಳಿಸಿ ಜಪಾನಿನ ಮಾರಾಟ ಯಂತ್ರಗಳಿಗೆ 500 ಯೆನ್ ಎಂದು ತುರುಕುವ ಮೋಸ ಹೆಚ್ಚಾಗಿ, 2000ದಲ್ಲಿ ಜಪಾನ್ 500 ಯೆನ್ ನಾಣ್ಯವನ್ನೇ ಬದಲಿಸಬೇಕಾಯಿತು. 2021ರ ನವೆಂಬರ್‌ನಲ್ಲಿ ಮತ್ತೆ ಹೊಸ 500 ಯೆನ್ ಬಂತು. 2024ರ ಜುಲೈಯಲ್ಲಿ ಹೊಸ ನೋಟುಗಳು ಬಂದವು. ಪ್ರತಿ ಸಲವೂ ಕಿಂಡಿಗಳನ್ನು, ಚಿಲ್ಲರೆ ಯಂತ್ರಗಳನ್ನು ಹೊಂದಿಸುವ ಖರ್ಚು ಅಂಗಡಿಯದು.

1986ರಲ್ಲಿ ಜಪಾನಿನಲ್ಲಿ 26 ಸಾವಿರಕ್ಕೂ ಹೆಚ್ಚಿದ್ದ ಗೇಮ್ ಸೆಂಟರ್‌ಗಳು 2019ರ ಹೊತ್ತಿಗೆ ಸುಮಾರು 4 ಸಾವಿರಕ್ಕೆ ಇಳಿದಿದ್ದವು. ಮನೆಯ ಕನ್ಸೋಲ್ ಮತ್ತು ಮೊಬೈಲ್ ಅದಕ್ಕೆ ದೊಡ್ಡ ಕಾರಣ, ಆದರೆ ಏರಿಸಲಾಗದ ಬೆಲೆಯೂ ಒಂದು ಕಾರಣ. ದೊಡ್ಡ ಹೆಸರಿನ ಸೆಗಾ ಕೂಡ 2020ರ ಕೊನೆಗೆ ತನ್ನ ಗೇಮ್ ಸೆಂಟರ್ ಕಂಪನಿಯ ಶೇಕಡ 85.1ರಷ್ಟು ಪಾಲನ್ನು ಜೆಂಡಾ ಎಂಬ ಕಂಪನಿಗೆ ಮಾರಿತು. 2022ರಲ್ಲಿ ಉಳಿದದ್ದನ್ನೂ ಕೊಟ್ಟಿತು.

ಈ ಗಂಟಿಗೆ ಬಿಡುಗಡೆ ನಾಣ್ಯವಿಲ್ಲದ ಪಾವತಿಯಲ್ಲಿತ್ತು. ಕೊನಾಮಿ ಕಂಪನಿ 2010ರಲ್ಲಿ ‘ಪಾಸೆಲಿ’ ಎಂಬ ತನ್ನದೇ ಎಲೆಕ್ಟ್ರಾನಿಕ್ ಹಣ ತಂದಿತು. ಕಾರ್ಡ್ ತಾಗಿಸಿದರೆ 120 ಎಂದೂ ಬೆಲೆ ಇಡಬಹುದು. ಅಷ್ಟು ಸಣ್ಣ ಏರಿಕೆಯನ್ನು ಮೂವತ್ತು ವರ್ಷ ಕಾಲ ಲೋಹ ತಡೆದಿತ್ತು. ಜಪಾನಿನ ಸಣ್ಣ ಅಂಗಡಿಗಳಿಗೆ ನಗದಿಲ್ಲದ ಪಾವತಿ ಅಲಂಕಾರವಾಗಿರಲಿಲ್ಲ. ಬದುಕುವ ದಾರಿಗಳಲ್ಲಿ ಒಂದಾಗಿತ್ತು.

ಸರ್ವರ್‌ನಲ್ಲಿ ಕೂತ ಗಲ್ಲಾ

ನಾಣ್ಯದಿಂದ ಕಾರ್ಡಿಗೆ ಹೋಗುವ ನಡುವೆ ಒಂದು ಮೆಟ್ಟಿಲು ಇತ್ತು: ಟೋಕನ್. ಅಟಾರಿ ಸ್ಥಾಪಿಸಿದ ನೋಲನ್ ಬುಶ್ನೆಲ್ 1977ರಲ್ಲಿ ಸ್ಯಾನ್ ಹೋಸೆಯಲ್ಲಿ ತೆರೆದ ‘ಚಕ್ ಇ. ಚೀಸ್’ ಪಿಜ್ಜಾ ಮಂದಿರದಲ್ಲಿ ಮಕ್ಕಳು ಆಡುತ್ತಿದ್ದದ್ದು ಅಂಗಡಿಯದೇ ಬಿಲ್ಲೆಗಳಿಂದ. ಟೋಕನ್ ಕಳ್ಳನಿಗೆ ಹೊರಗೆ ಉಪಯೋಗವಿಲ್ಲ, ಸರ್ಕಾರ ನಾಣ್ಯ ಬದಲಿಸಿದರೆ ಭಯವಿಲ್ಲ. ಕೊಂಡದ್ದರಲ್ಲಿ ಎರಡು ಮಗುವಿನ ಜೇಬಿನಲ್ಲೇ ಮನೆಗೆ ಹೋದರೆ ಅದು ಅಂಗಡಿಗೆ ಲಾಭ.

1990ರ ದಶಕದಿಂದ ಬಂದ ಕಾರ್ಡ್ ವ್ಯವಸ್ಥೆಗಳು ಈ ತರ್ಕವನ್ನು ಪೂರ್ತಿ ಮಾಡಿದವು. ಪರ್ತ್‌ನಲ್ಲಿ 1978ರಲ್ಲಿ ಹುಟ್ಟಿ ಈಗ ಭಾರತದ ಮಾಲ್‌ಗಳಲ್ಲೂ ಇರುವ ಟೈಮ್‌ಝೋನ್, ಡಲ್ಲಾಸ್‌ನಲ್ಲಿ 1982ರಲ್ಲಿ ಶುರುವಾದ ಡೇವ್ ಆ್ಯಂಡ್ ಬಸ್ಟರ್ಸ್ ಮೊದಲಾದವು ಆ ದಾರಿ ಹಿಡಿದವು. ಕಾರ್ಡಿನಲ್ಲಿ ಹಣ ಇರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ. ಹಣ ಇರುವುದು ಸರ್ವರ್‌ನ ಖಾತೆಯಲ್ಲಿ. ಗೆದ್ದಾಗ ಹಾವಿನಂತೆ ಹೊರಬರುತ್ತಿದ್ದ ಕಾಗದದ ಟಿಕೆಟ್ ಕೂಡ ಈಗ ಸಂಖ್ಯೆಯಾಗಿ ಖಾತೆ ಸೇರುತ್ತದೆ. ನಾಣ್ಯ ಬಿದ್ದಂತೆ ನಂಬಿಸುವ ಪೆಟ್ಟಿಗೆಯೇ ಟಿಕೆಟ್ ಹೊರಬಂತು ಎಂದೂ ಯಂತ್ರವನ್ನು ನಂಬಿಸುತ್ತದೆ.

ಇದರಿಂದ ಆದ ಒಳ್ಳೆಯದನ್ನು ಮರೆಮಾಡುವಂತಿಲ್ಲ. ಪೆಟ್ಟಿಗೆಯಿಂದ ಒಂದು ಹಿಡಿ ಕದಿಯುವ ಅವಕಾಶ ಹೋಯಿತು. ನೌಕರರು ರಾತ್ರಿ ಚಿಲ್ಲರೆಯ ಚೀಲ ಹೊತ್ತು ನಡೆಯಬೇಕಿಲ್ಲ. ನಾಣ್ಯ ಸಿಕ್ಕಿಕೊಂಡು ಯಂತ್ರ ನಿಲ್ಲುವುದಿಲ್ಲ. ಆಟ ಅರ್ಧಕ್ಕೆ ಕೆಟ್ಟರೆ ಕಳೆದದ್ದನ್ನು ಕೌಂಟರಿನಲ್ಲಿ ಮರಳಿ ತುಂಬಬಹುದು. ಯಾವ ಯಂತ್ರ ಮಂಗಳವಾರ ಮಧ್ಯಾಹ್ನ ಸುಮ್ಮನೆ ಕೂತಿರುತ್ತದೆ ಎಂದು ತಿಳಿದು ಆ ಹೊತ್ತಿಗೆ ಬೆಲೆ ಇಳಿಸಬಹುದು. 2018ರಿಂದ ಚಕ್ ಇ. ಚೀಸ್ ನಾಣ್ಯದ ಲೆಕ್ಕವನ್ನೇ ಬಿಟ್ಟು, ಇಷ್ಟು ನಿಮಿಷಕ್ಕೆ ಇಷ್ಟು ಎಂದು ಹೊತ್ತನ್ನೇ ಮಾರಲು ತೊಡಗಿತು. ಇಷ್ಟೇ ಖರ್ಚು ಎಂದು ಮೊದಲೇ ತಿಳಿಯುವುದರಿಂದ ಹೆತ್ತವರಿಗೂ ಒಂದು ನಿರಾಳ.

ಆದರೆ ಲೆಕ್ಕ ಒಂದು ಕಡೆ ಸ್ಪಷ್ಟವಾದಷ್ಟೂ ಇನ್ನೊಂದು ಕಡೆ ಮಸುಕಾಯಿತು. ರೂಪಾಯಿ ಮೊದಲು ‘ಪಾಯಿಂಟ್’ ಆಗುತ್ತದೆ. ಒಂದು ಆಟಕ್ಕೆ ದಶಮಾಂಶ ಬರುವಂಥ ಪಾಯಿಂಟ್. ಇಷ್ಟು ತುಂಬಿದರೆ ಅಷ್ಟು ‘ಬೋನಸ್’. ಒಂದು ಕಾರು ಓಡಿಸುವ ಆಟಕ್ಕೆ ನಿಜವಾಗಿ ಎಷ್ಟು ರೂಪಾಯಿ ಹೋಯಿತು ಎಂದು ಲೆಕ್ಕ ಹಾಕಲು ಅಪ್ಪನಿಗೇ ಕಷ್ಟ, ಎಂಟು ವರ್ಷದ ಮಗುವಿಗೆ ಹೇಗೆ ಸಾಧ್ಯ? ಕಾರ್ಡಿನ ತೂಕ ತುಂಬಿದಾಗಲೂ ಅಷ್ಟೇ, ಬರಿದಾದಾಗಲೂ ಅಷ್ಟೇ. ಕೊನೆಗೆ ಯಾವ ಆಟಕ್ಕೂ ಸಾಲದಷ್ಟು ಉಳಿದು, ಮತ್ತೆ ತುಂಬುವುದೋ ಬಿಡುವುದೋ ಎಂಬ ಪ್ರಶ್ನೆ ಬರುತ್ತದೆ. ಬಿಟ್ಟರೆ ಆ ಉಳಿಕೆ ಅಂಗಡಿಯದು. ಟೋಕನ್ ಕಾಲದಲ್ಲಿ ಜೇಬಿನಲ್ಲಿ ಮನೆಗೆ ಹೋಗುತ್ತಿದ್ದ ಎರಡು ಬಿಲ್ಲೆಗಳ ಹೊಸ ರೂಪ ಅದು.

ನಮ್ಮ ಪ್ಲಾಟ್‌ಫಾರಂನ ಯಂತ್ರ

ಭಾರತದಲ್ಲಿ ನಾಣ್ಯದ ಯಂತ್ರ ಎಂದರೆ ಬಹುಮಂದಿಗೆ ಮೊದಲು ನೆನಪಾಗುವುದು ಆಟದ್ದಲ್ಲ, ರೈಲು ನಿಲ್ದಾಣದ ತೂಕದ ಯಂತ್ರ. ಬಣ್ಣದ ಬಲ್ಬುಗಳು, ಒಳಗೆ ತಿರುಗುವ ಚಕ್ರ. ನಾಣ್ಯ ಹಾಕಿದರೆ ದಪ್ಪ ಕಾಗದದ ಪುಟ್ಟ ಟಿಕೆಟ್ ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯದ ಒಂದು ಸಾಲು ಅಥವಾ ಸಿನಿಮಾ ತಾರೆಯ ಚಿತ್ರ. ಊರಿನಿಂದ ದಾದರ್‌ಗೋ ಪುಣೆಗೋ ಬಂದಿಳಿದ ಮಕ್ಕಳಿಗೆ ಅದು ಪೆನ್ನಿ ಆರ್ಕೇಡಿನ ನೇರ ವಂಶಸ್ಥ ಎಂದು ಯಾರೂ ಹೇಳಿರಲಿಲ್ಲ. ಆದರೆ ತೂಕ, ಭವಿಷ್ಯ, ಚಿತ್ರ ಮೂರನ್ನೂ ಒಂದೇ ಕಿಂಡಿಯಲ್ಲಿ ಮಾರುತ್ತಿದ್ದ ಅದು ಹಳೆಯ ಆರ್ಕೇಡನ್ನೇ ಒಂದು ಪೆಟ್ಟಿಗೆಯಲ್ಲಿ ಅಡಗಿಸಿಕೊಂಡಿತ್ತು.

ಇಂಥ ಯಂತ್ರಗಳಿಗೆ ಇಲ್ಲಿ ಆಯುಷ್ಯ ಕಡಿಮೆ. ನಮ್ಮ ನಾಣ್ಯಗಳ ಗಾತ್ರ, ಲೋಹ, ತೂಕ ಬದಲಾಗುತ್ತಲೇ ಬಂದವು. 1992ರಿಂದ ಒಂದು ರೂಪಾಯಿ ಸ್ಟೇನ್‌ಲೆಸ್ ಉಕ್ಕಿನದಾಯಿತು, ಆಮೇಲೆ ಮತ್ತೆ ಬದಲಾಯಿತು. 2011ರ ಜೂನ್ 30ರೊಂದಿಗೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ಚಲಾವಣೆಯಿಂದಲೇ ಹೋದವು. ಚಿಲ್ಲರೆಗೆ ಬದಲು ಚಾಕೊಲೇಟ್ ಕೊಡುವ ದೇಶದಲ್ಲಿ ನಾಣ್ಯದ ಮೇಲೆ ನಿಂತ ವ್ಯಾಪಾರ ಕಟ್ಟುವುದು ಸುಲಭವಲ್ಲ.

ಎಂಬತ್ತು, ತೊಂಬತ್ತರ ದಶಕದ ವಿಡಿಯೊ ಗೇಮ್ ಪಾರ್ಲರ್‌ಗಳು ಆ ಕಾರಣಕ್ಕೇ ಟೋಕನ್ ಹಿಡಿದವು. ಕೌಂಟರಿನವನಿಗೆ ರೂಪಾಯಿ ಕೊಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಇಲ್ಲಿಯೂ ಲಾ ಗಾರ್ಡಿಯಾನ ಕಾಲದ ಅನುಮಾನವೇ ಮರುಕಳಿಸಿತು: ಇದು ಆಟವೋ, ಜೂಜೋ? ಕರ್ನಾಟಕ ರಾಜ್ಯದ ವಿರುದ್ಧ ವಿಡಿಯೊ ಗೇಮ್ ನಡೆಸುವವರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮದ್ರಾಸಿನ ಪ್ರಕರಣಗಳೂ ಅದರೊಂದಿಗೆ ಸೇರಿದವು. 1995ರಲ್ಲಿ ಬಂದ ತೀರ್ಪು, ಇಂಥ ಅಂಗಡಿಗಳಿಗೆ ಪರವಾನಗಿ ಬೇಕೆನ್ನುವುದು ವ್ಯಾಪಾರದ ಹಕ್ಕಿನ ಮೇಲಿನ ಅನ್ಯಾಯದ ನಿರ್ಬಂಧವಲ್ಲ ಎಂದಿತು. ಯಂತ್ರ ಇಟ್ಟವನೇ ಅದನ್ನು ತಿರುಚಿ ಆಟಗಾರನ ಗೆಲುವು ತಪ್ಪಿಸಬಹುದು ಎಂಬ ಆತಂಕವೂ ಅಲ್ಲಿ ಚರ್ಚೆಗೆ ಬಂತು. ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂದು ಹಣ ಹಾಕಿದವನಿಗೆ ಕಾಣುವುದಿಲ್ಲ. ಆದ್ದರಿಂದ ಬೇರೆ ಯಾರಾದರೂ ನೋಡಬೇಕು. ಅದು ಆ ಕಾಲದ ಉತ್ತರವಾಗಿತ್ತು.

2016ರಲ್ಲಿ ಯುಪಿಐ ಬಂತು, ಅದೇ ವರ್ಷದ ನವೆಂಬರ್‌ನಲ್ಲಿ ನೋಟು ಅಮಾನ್ಯವಾಯಿತು. ಚಿಲ್ಲರೆಯ ಕಷ್ಟ ಅಷ್ಟರಮಟ್ಟಿಗೆ ನೀಗಿತು. ಆದರೆ ಮಾಲ್‌ನ ಆಟದ ಹಜಾರದಲ್ಲಿ ಯುಪಿಐ ನೇರವಾಗಿ ಯಂತ್ರಕ್ಕೆ ಮುಟ್ಟುವುದು ಅಪರೂಪ. ಅದು ಮುಟ್ಟುವುದು ಕಾರ್ಡ್ ತುಂಬುವ ಕಿಯಾಸ್ಕ್‌ಗೆ. ತರಕಾರಿಯವನಿಗೆ ಹತ್ತು ರೂಪಾಯಿ ಕೊಟ್ಟರೆ ಫೋನಿನಲ್ಲಿ ಹತ್ತು ರೂಪಾಯಿಯ ದಾಖಲೆ ಇರುತ್ತದೆ. ಆಟದ ಹಜಾರದಲ್ಲಿ ದೊಡ್ಡ ಮೊತ್ತದ ಒಂದೇ ದಾಖಲೆ, ಆಮೇಲೆ ಆಟಕ್ಕೆ ಹೋದ ಒಂದೊಂದು ಕಳೆತವೂ ಅಂಗಡಿಯ ಪುಸ್ತಕದಲ್ಲಿ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಇದೆ. ಮೊದಲೇ ಹಣ ತುಂಬುವ ವಾಲೆಟ್, ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ತುಂಬಿದ ಮೇಲೆ ಕನಿಷ್ಠ ಒಂದು ವರ್ಷ ಅದು ಚಾಲ್ತಿಯಲ್ಲಿರಬೇಕು, ಅವಧಿ ಮುಗಿಯುವ ಮೊದಲು ಎಚ್ಚರಿಸಬೇಕು. ಆದರೆ ಒಂದು ಸಂಸ್ಥೆ ತನ್ನದೇ ಸರಕು, ಸೇವೆಗೆ ಮಾತ್ರ ಸಲ್ಲುವಂತೆ ಕೊಡುವ ಕಾರ್ಡ್ ಈ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಬ್ಯಾಂಕಿನ ಅನುಮತಿಯೂ ಬೇಡ. ಆಟದ ಹಜಾರದ ಕಾರ್ಡ್ ಈ ಜಾತಿಯದು. ಉಳಿದ ಹಣ ಎಷ್ಟು ದಿನ ಇರುತ್ತದೆ, ಮರಳಿ ಸಿಗುತ್ತದೆಯೇ ಎಂಬುದನ್ನು ಹೇಳುವುದು ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರ. ಸಾಮಾನ್ಯ ಗ್ರಾಹಕ ಕಾನೂನು ಇದ್ದೇ ಇದೆ, ಆದರೆ ಎಂಬತ್ತು ರೂಪಾಯಿಯ ಉಳಿಕೆಗಾಗಿ ಗ್ರಾಹಕ ವೇದಿಕೆಯ ಮೆಟ್ಟಿಲು ಹತ್ತುವವರು ಯಾರು?

ಹಾಗೆಂದು ನಾಣ್ಯದ ಕಾಲಕ್ಕೆ ಮರಳಬೇಕೆಂದು ಹೇಳುವುದರಲ್ಲಿ ಅರ್ಥವಿಲ್ಲ. ಆ ಕಾಲದ ಮೇಜಿನ ಮೇಲೂ ಮೋಸ ನಡೆಯುತ್ತಿತ್ತು, 100 ಯೆನ್‌ನ ಗಂಟು ಸಾವಿರಾರು ಸಣ್ಣ ಅಂಗಡಿಗಳ ಕತ್ತು ಹಿಸುಕಿತು. ಬೇಕಾದದ್ದು ಅಷ್ಟು ದೊಡ್ಡದೂ ಅಲ್ಲ. ಪ್ರತಿ ಯಂತ್ರದ ಮೇಲೆ ಪಾಯಿಂಟ್ ಬದಲು ರೂಪಾಯಿಯಲ್ಲಿ ಬೆಲೆ, ಕಾರ್ಡ್ ತಾಗಿಸಿದಾಗ ಉಳಿದ ಹಣ ದೊಡ್ಡ ಅಂಕಿಯಲ್ಲಿ, ಹೊರಡುವಾಗ ಉಳಿಕೆಯನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಒಂದು ಗುಂಡಿ. ಹಣ ತುಂಬಲು ಅರೆಕ್ಷಣ ಸಾಕಾಗುವ ತಂತ್ರಕ್ಕೆ ಇದಾವುದೂ ಕಷ್ಟವಲ್ಲ.

ಮಾಲೀಕನಿಗೆ ತನ್ನ ಲೆಕ್ಕ ಸಿಗಲು ಮೇಜಿನ ಮೇಲಿನ ಚಿಲ್ಲರೆಯಿಂದ ಸರ್ವರ್‌ವರೆಗೆ ನೂರು ವರ್ಷ ಹಿಡಿಯಿತು, ಈಗ ಅದು ಪೈಸೆ ಪೈಸೆಗೆ ಸಿಕ್ಕಿದೆ. ಆಟಗಾರನ ಬಳಿ ಮಾತ್ರ ಮೊದಲಿನಿಂದಲೂ ತನ್ನ ಲೆಕ್ಕ ಇತ್ತು, ಅದು ಜೇಬಿನಲ್ಲಿತ್ತು. ಮಾಲ್‌ನ ಹಜಾರದಿಂದ ಹೊರಗೆ ಬರುವ ಮಗಳು ಅಪ್ಪನ ಕೈಗೆ ಕಾರ್ಡ್ ಕೊಟ್ಟು “ಇನ್ನೂ ಎಷ್ಟಿದೆ?” ಎಂದು ಕೇಳುತ್ತಾಳೆ. ಅಪ್ಪ ಕಾರ್ಡನ್ನು ತಿರುಗಿಸಿ ನೋಡುತ್ತಾನೆ. ಅದರ ಮೇಲೆ ಏನೂ ಬರೆದಿಲ್ಲ. ಉತ್ತರ ಬೇಕಾದರೆ ಇಬ್ಬರೂ ಮತ್ತೆ ಒಳಗೆ ಹೋಗಿ ಕಿಯಾಸ್ಕ್‌ನ ಮುಂದೆ ನಿಲ್ಲಬೇಕು.